ಕವಳಿ ಬಂದ ದಾರಿ

ಕುಷ್ಟಗಿ
೧೮ ಮೇ ೨೦೨೫, ಭಾನುವಾರ

ಅವ್ವಾ,

ನಾನು ಆರಾಮ ಇದ್ದೇನೆ. ನೀನೂ ಅಪ್ಪನೂ ಆರಾಮ ಇದ್ದೀರಿ ಎಂದುಕೊಂಡೇ ಬರೆಯಲು ಕುಳಿತಿದ್ದೇನೆ. ಪತ್ರ ತಡವಾಯಿತು, ಸಿಟ್ಟಾಗಬೇಡ. ಇಂಟರ್ನಲ್ ಪರೀಕ್ಷೆ ಇತ್ತು ಎಂಬುದು ಅರ್ಧ ನಿಜ. ಬರೆದು ಬರೆದು ಹರಿದು ಹಾಕಿದೆ ಎಂಬುದು ಇನ್ನರ್ಧ. ರೂಮಿನಲ್ಲಿ ಭವಾನಿ ಕೇಳಿಯೇಬಿಟ್ಟಳು, ‘ಏನಲೇ ಪಂಪಿ, ಲವ್ ಲೆಟರ್ ಏನು?’ ಅಂತ. ‘ನಮ್ಮವ್ವಗ’ ಅಂದೆ. ‘ಅವ್ವಗ ಬರಿಯಾಕ ಯಾರರ ಇಷ್ಟು ಬೆವರ್ತಾರೇನು?’ ಅಂದಳು.

ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯ ಫೋನು ಅಪ್ಪನ ಕಿಸೆಯಲ್ಲಿರುತ್ತದೆ, ಎತ್ತಿದರೆ ಸ್ಪೀಕರ್ ಮೇಲೆಯೇ ಮಾತು. ಅತ್ತ ನೀನು ‘ಉಂಡೇನವಾ?’ ಅನ್ನುವುದು, ಇತ್ತ ನಾನು ‘ಹೂಂ’ ಅನ್ನುವುದು, ಅಷ್ಟಕ್ಕೇ ಮುಗಿಯುತ್ತದೆ. ಶಾಲೆಯ ಹಾಸ್ಟೆಲಿನಲ್ಲಿ ಭಾನುವಾರ ಬಂದರೆ ಮನೆಗೆ ಪತ್ರ ಬರೆಸುತ್ತಿದ್ದರಲ್ಲ, ನನಗೆ ಆ ರೂಢಿಯೇ ಒಳ್ಳೆಯದು. ಮಾತಾಡಿದ ಹಾಗೆ ಬರೆದರೆ ಮೇಡಂ ಕೆಂಪು ಗೆರೆ ಎಳೆಯುತ್ತಿದ್ದರು, ಹಾಗಾಗಿ ಈಗಲೂ ಪೆನ್ನು ಹಿಡಿದರೆ ಪುಸ್ತಕದ ಕನ್ನಡವೇ ಬರುತ್ತದೆ, ನಡುನಡುವೆ ಇಂಗ್ಲಿಷ್ ನುಗ್ಗುತ್ತದೆ. ನೀನು ಬೆರಳಿಟ್ಟು ಓದುತ್ತೀ ಎಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಅಪ್ಪ ಗದ್ದೆಗೆ ಹೋದ ಮೇಲೆ ಓದು.

ಇಲ್ಲಿ ಬಿಸಿಲು ಭಾಳ. ಮೆಸ್ಸಿನಲ್ಲಿ ಜೋಳದ ರೊಟ್ಟಿ ವಾರಕ್ಕೊಮ್ಮೆ, ಉಳಿದ ದಿನ ಅನ್ನ. ನಿದ್ದೆ ಸರಿ ಇಲ್ಲ. ಮುಂದಿನ ತಿಂಗಳು ವೈವಾ ಇದೆ. ವೈವಾ ಎಂದರೆ ಎದುರಿಗೆ ಕೂರಿಸಿಕೊಂಡು ಬಾಯಿಂದಲೇ ಪ್ರಶ್ನೆ ಕೇಳುವುದು. ಅದನ್ನು ನೆನೆಸಿಕೊಂಡರೇ ನನಗೆ ಹೆದರಿಕೆ. ಉತ್ತರ ಗೊತ್ತಿದ್ದರೂ ಕೈ ಪೆನ್ನನ್ನೇ ಹುಡುಕುತ್ತದೆ.

ಆ ವೈವಾ ಇರುವುದು ನಮ್ಮ ಕವಳಿ ಗಿಡದ ಮೇಲೆ. ಬಾಟನಿ ಕ್ಲಾಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಿಡ ಕೊಟ್ಟು, ಅದರ ಮೂಲ ನೆಲೆ ಯಾವುದು, ಅಲ್ಲಿಂದ ಎಲ್ಲೆಲ್ಲಿ ಹಬ್ಬಿದೆ, ಹೇಗೆ ಹಬ್ಬಿತು ಎಂದು ಬರೆಯಲು ಹೇಳಿದ್ದಾರೆ. ನಾನು ಕವಳಿ ಎಂದಾಗ ಹುಡುಗರು ನಕ್ಕರು, ಮುಳ್ಳುಗಂಟಿಗೆ ಪ್ರಾಜೆಕ್ಟ್ ಏನು ಅಂತ. ಅವ್ವಾ, ಆ ಮುಳ್ಳುಗಂಟಿ ಆಫ್ರಿಕಾದಿಂದ ಹಿಡಿದು ನಮ್ಮ ದೇಶ ದಾಟಿ ಆಸ್ಟ್ರೇಲಿಯಾದವರೆಗೂ ತಾನಾಗಿಯೇ ಬೆಳೆಯುತ್ತದೆ, ಯಾರೂ ಹಚ್ಚಬೇಕಿಲ್ಲ. ಅದನ್ನು ಓದಿದ ದಿನ ಕವಳಿ ನಮ್ಮ ಸಂಬಂಧಿಕರೇ ಏನೋ ಅನ್ನುವಷ್ಟು ಜಂಬ ಬಂತು ನನಗೆ.

ನಮ್ಮ ಜಿಲ್ಲೆಯ ನಕ್ಷೆ ಬರೆದು ಕವಳಿ ಇರುವಲ್ಲೆಲ್ಲ ಹಸಿರು ಚುಕ್ಕಿ ಇಟ್ಟೆ. ಕನಕಗಿರಿ ಕಡೆಯ ಕಲ್ಲುಗುಡ್ಡ, ಆನೆಗೊಂದಿ ಗುಡ್ಡ, ಯಲಬುರ್ಗಾ ಕಡೆ ಅಲ್ಲಲ್ಲಿ. ಕರಡಿ ತಿಂದು ಹಾಕಿದ ಕಡೆ, ಪಿಕಳಾರ ಹಕ್ಕಿ ಕೂತ ಕಡೆ. ಕೊನೆಗೆ ಸಿದ್ದಾಪುರದ ಪಕ್ಕ ನಮ್ಮ ಊರಿನ ಮೇಲೂ ಒಂದು ಚುಕ್ಕಿ ಇಟ್ಟೆ, ನಮ್ಮ ಹಿತ್ತಲ ಬಚ್ಚಲ ಹಿಂದಿನ ಗಿಡಕ್ಕೆ. ನಮ್ಮ ಬಾಟನಿ ಗೋವಿಂದರಾಜ ಸರ್ ಆ ಚುಕ್ಕಿಗೆ ಬಂದು ನಿಂತರು.

‘ಇದು ಕಾಲುವಿ ನೀರಿನ ಭತ್ತದ ನೆಲ. ಇಲ್ಲಿ ಕವಳಿ ತಾನಾಗಿ ಬರಂಗಿಲ್ಲ. ಯಾರು ತಂದ್ರು?’

‘ಹಕ್ಕಿ ಸರ್’ ಅಂದೆ.

‘ಯಾವ ಹಕ್ಕಿ ಗುಡ್ಡದಾಗ ಉಂಡು ಕೈ ತೊಳಿಯಾಕ ನಿಮ್ಮ ಬಚ್ಚಲಕ್ಕ ಬರ್ತೈತಿ?’

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾದವು. ಅವತ್ತು ಸಂಜೆ ಫೋನಿನಲ್ಲಿ ನಿನ್ನನ್ನೂ ಕೇಳಿದ್ದೆ, ನೆನಪಿದೆಯಾ? ನೀನೂ ‘ಹಕ್ಕಿ ತಂದಿರಬೇಕು ಬಿಡವಾ’ ಅಂದೆ. ಅಂದು, ಹಾಲು ಉಕ್ಕುತ್ತಿದೆ ಎಂದು ಎದ್ದುಹೋದೆ.

ಯುಗಾದಿ ರಜೆಯಲ್ಲಿ ಭವಾನಿಯನ್ನು ಮನೆಗೆ ಕರೆತಂದಿದ್ದೆನಲ್ಲ, ಆಗ ಸುಮ್ಮನೆ ಊರು ತಿರುಗಲಿಲ್ಲ ನಾವು. ಸುತ್ತಲಿನ ಊರುಗಳ ಹಿತ್ತಲು ಹುಡುಕಿದೆವು. ಹೊಲದಲ್ಲಿ ಇಲ್ಲ, ಕಾಲುವೆ ದಂಡೆಯಲ್ಲಿ ಇಲ್ಲ. ಕವಳಿ ಇದ್ದದ್ದು ಅಲ್ಲೊಂದು ಇಲ್ಲೊಂದು ಮನೆಯ ಹಿಂದೆ ಮಾತ್ರ, ಅದೂ ಬಚ್ಚಲ ನೀರು ಹೋಗುವ ಕಡೆ. ಮಲ್ಲಿಗೆಯಂಥ ಬಿಳಿ ಹೂ ಬಿಟ್ಟಿತ್ತು. ಪಕ್ಕದೂರಿನ ಶಾಂತಕ್ಕ ಎಂಬುವರ ಹಿತ್ತಲಲ್ಲಿ ದೊಡ್ಡ ಗಂಟಿಯೇ ಇತ್ತು. ಯಾರು ಹಚ್ಚಿದ್ದು ಎಂದು ಕೇಳಿದೆ.

‘ಯಾರೂ ಹಚ್ಚಿಲ್ಲವಾ. ನಮ್ಮ ತವರುಮನಿ ಕನಕಗಿರಿ ಗುಡ್ಡದ ಕಡಿ. ನಮ್ಮಣ್ಣ ವರ್ಷಾ ಕಾರಹುಣ್ಣಿವಿ ಮುಂದ ಒಂದು ಬುಟ್ಟಿ ಹಣ್ಣು ತರ್ತಾನ. ಬಚ್ಚಲ ಕಟ್ಟಿಮ್ಯಾಲ ಕುಂತು ತಿಂತೀನಿ, ಬೀಜ ಉಗುಳ್ತೀನಿ. ನಮ್ಮತ್ತಿ ಇದ್ದಾಗ ಬೈತಿದ್ಲು, ತವರಿನಿಂದ ಮುಳ್ಳು ತಂದು ನನ್ನ ಹಿತ್ತಲಕ್ಕ ಬಿತ್ತೀದಿ ಅಂತ. ಬಂಗಾರ ತಂದಿದ್ರ ಬಿತ್ತತಿದ್ದೆ ಅತ್ತೀ, ಮುಳ್ಳು ಕೊಟ್ಟಾರ ಮುಳ್ಳು ಬಿತ್ತೀನಿ ಅಂತಿದ್ದೆ!’

ಆಮೇಲೆ ಪ್ರತಿ ಗಿಡಕ್ಕೂ ಅದೇ ಪ್ರಶ್ನೆ ಕೇಳುತ್ತ ಹೋದೆವು. ಪ್ರತಿ ಮನೆಯಲ್ಲೂ ಗುಡ್ಡದ ಕಡೆಯಿಂದ ಬಂದ ಸೊಸೆ ಒಬ್ಬಳು ಇದ್ದಳು. ಅಣ್ಣನೋ ತಮ್ಮನೋ ವರ್ಷಕ್ಕೊಮ್ಮೆ ಹಣ್ಣು ಹೊತ್ತು ತಂದವನು ಇದ್ದ. ಕವಳಿ ಬೀಜ ಒಣಗಿದರೆ ಮೊಳೆಯುವುದಿಲ್ಲವಂತೆ ಅವ್ವಾ. ಹಸಿ ಹಣ್ಣು ತಿಂದು ಅಲ್ಲೇ ಹಸಿ ನೆಲಕ್ಕೆ ಉಗುಳಿದರೆ ಬರುತ್ತದೆ. ನನ್ನ ಚಾರ್ಟಿನಲ್ಲಿ ಬೀಜ ಹರಡುವವರು ಯಾರು ಎಂಬ ಕಡೆ ಹಕ್ಕಿ, ಕರಡಿ ಎಂದಿತ್ತಲ್ಲ, ಅದರ ಕೆಳಗೆ ‘ಅಣ್ಣ’ ಎಂದು ಬರೆದೆ. ಮತ್ತೆ ಕ್ಲಾಸೆಲ್ಲ ನಕ್ಕಿತು. ಸರ್ ಮಾತ್ರ ನಗಲಿಲ್ಲ. ‘ಇದು ಬರಿಯಾಕ ಬೇಕಾದ್ದ. ನಿಮ್ಮ ಮನಿ ಗಿಡಕ್ಕ ಯಾರು ತಂದ್ರು, ಅದನ್ನೂ ಹಾಕು’ ಅಂದರು.

ಏನು ಹಾಕಲಿ? ತವರಿನಲ್ಲಿ ನಿನಗೆ ಯಾರೂ ಇಲ್ಲ, ಮನೆಯೂ ಬಿದ್ದುಹೋಗಿದೆ ಎಂದು ನೀನು ಚಿಕ್ಕಂದಿನಿಂದ ಹೇಳಿದ್ದೀ. ಊರಿನ ಹೆಸರು ಗುಡ್ಡದಹಾಳ ಎಂಬುದಷ್ಟೇ ನನಗೆ ಗೊತ್ತಿತ್ತು. ನನ್ನ ಶಾಲೆಗೆ ಹೋಗುವ ಬಸ್ಸು ಕನಕಗಿರಿ ದಾಟಿದ ಮೇಲೆ ಅಲ್ಲಿ ನಿಲ್ಲುತ್ತಿತ್ತು. ಆ ಸ್ಟಾಪು ಬಂದಾಗಲೆಲ್ಲ ಅಪ್ಪ ಇದ್ದಕ್ಕಿದ್ದ ಹಾಗೆ ನನ್ನ ಲೆಕ್ಕದ ಪಾಠ ಕೇಳಲು ಶುರು ಮಾಡುತ್ತಿದ್ದ.

ಹೋದ ಭಾನುವಾರ ನಾನು ಆ ಸ್ಟಾಪಿನಲ್ಲಿ ಇಳಿದೆ ಅವ್ವಾ. ಪ್ರಾಜೆಕ್ಟಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಇಳಿದ ಕೂಡಲೇ ಹೆದರಿಕೆಯಾಗಿ, ಬಂದ ಬಸ್ಸಿಗೇ ಮತ್ತೆ ಹತ್ತಲು ನೋಡಿದೆ, ಅದು ಹೊರಟುಹೋಯಿತು. ಬೇವಿನ ನೆರಳಲ್ಲಿ ಹಜರತಬೀ ಎಂಬ ಮುದುಕಿ ಕವಳಿ ಹಣ್ಣು ಮಾರುತ್ತ ಕುಳಿತಿದ್ದಳು. ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿ ಕೇಳಿದಳು, ‘ಶಿವಬಸವ್ವನ ಮಗಳಲ್ಲೇನು ನೀ?’

‘ನಿಮಗ ಹೆಂಗ ಗೊತ್ತಾತ್ರಿ?’

‘ಮೂಗು ಮುಚಿಗೊಂಡು ಬಂದಿದ್ರ ಗೊತ್ತಾಕ್ಕಿರಲಿಲ್ಲ. ನಡಿ, ನಿಮ್ಮ ಮಾವ ಗುಡ್ಡದ ಬುಡದಾಗ ಬೇಲಿ ಕಟ್ಟಾಕತ್ಯಾನ.’

ನನಗೆ ಮಾವ ಒಬ್ಬ ಇದ್ದಾನೆ ಎಂಬುದು ಹೀಗೆ ಗೊತ್ತಾಯಿತು.

ವಿರುಪಣ್ಣ ಮಾವ ಮುಳ್ಳಿನ ಹೊರೆ ಎತ್ತಿದ್ದವನು ನನ್ನನ್ನು ನೋಡಿ ಅದನ್ನು ಇಳಿಸಲು ಮರೆತು ಹಾಗೇ ನಿಂತ. ಹಜರತಬೀಯೇ ‘ಕೆಳಗ ಹಾಕೋ, ಚುಚ್ಚತೈತಿ’ ಎಂದು ಗದರಿಸಿದಳು. ಆಮೇಲೆ ಮಾವ ಭಾಳ ಮಾತಾಡಿದ. ಯಾವ ಗಿಡದ ಹಣ್ಣು ಸಿಹಿ, ಯಾವುದು ಹುಳಿ ಎಂದು ತಿನ್ನಿಸುತ್ತಲೇ ಗುಡ್ಡ ಹತ್ತಿಸಿದ. ಕರಡಿ ಬರುವ ಕಡೆ ಕೈ ಚಪ್ಪಾಳೆ ತಟ್ಟುತ್ತ, ‘ಬಂದೀವೋ ಯಪ್ಪಾ, ನಿನ್ನ ಪಾಲು ಬಿಟ್ಟು ಹರಕೋತೀವಿ’ ಎಂದು ಕೂಗಿದ. ನಾನು ನಿಜಕ್ಕೂ ಹೆದರಿದೆ. ಅವನು ನಕ್ಕ. ನಕ್ಕಾಗ ನಿನ್ನ ಹಾಗೆಯೇ ಒಂದು ಕಣ್ಣು ಸಣ್ಣದಾಗುತ್ತದೆ ಅವನಿಗೆ.

ಇಳಿಯುವಾಗ ಒಂದು ಬಂಡೆಯ ಮೇಲೆ ಕುಳಿತು ಎಲ್ಲ ಹೇಳಿದ. ಅವನು ಹೇಳಿದ ಹಾಗೇ ಬರೆಯುತ್ತೇನೆ, ತಪ್ಪಿದ್ದರೆ ನೀನು ತಿದ್ದು.

‘ನಮ್ಮವ್ವ ಜಡ್ಡಾಗಿ ಮಲಗಿದ್ಲು ಅಂತನ ನಿಮ್ಮವ್ವನ ಬಾಣಂತನ ಗಂಡನ ಮನ್ಯಾಗ ಆತು. ನೀ ಹುಟ್ಟಿ ಇನ್ನಾ ಕಣ್ಣು ಸರಿಯಾಗಿ ತೆರದಿರಲಿಲ್ಲ, ನಮ್ಮವ್ವ ಹೋದಳು. ಹಸಿ ಬಾಣಂತಿಗೆ ಸಾವಿನ ಸುದ್ದಿ ಹೇಳಬ್ಯಾಡ್ರಿ, ಎದಿಹಾಲು ಬತ್ತತಾವು ಅಂದ್ರು ಹಿರ್ಯಾರು. ನಾನೂ ಕೂಸಿನ ಮುಖ ನೆನೆಸಿಕೊಂಡು ಸುಮ್ಮನಾದೆ. ಮಣ್ಣು ಮಾಡಿ, ದಿವಸ ಮಾಡಿ ಆಮ್ಯಾಲೆ ಹೇಳಿ ಕಳಿಸಿದ್ವಿ. ಅಕಿ ನಿನ್ನ ಎತಗೊಂಡು ಬಂದಳು. ಊರ ಅಗಸಿ ಬಾಗಲ ದಾಟಲಿಲ್ಲ. ಅವ್ವನ ಮುಖ ತೋರಿಸದವನ ಊರಿದು, ಇದರ ಮಣ್ಣು ಇನ್ನ ನಾ ತುಳಿಯಂಗಿಲ್ಲ ಅಂತ ನಿನ್ನ ತಲಿಮ್ಯಾಲ ಕೈ ಇಟ್ಟು ಆಣಿ ಮಾಡಿದಳು. ತಿರುಗಿ ಬಸ್ ಹತ್ತಿದಳು.’

ಅವ್ವಾ, ಅಜ್ಜಿಯ ಮುಖ ನಿನಗೆ ತಪ್ಪಿದ್ದು ನನ್ನ ಹಾಲಿಗಾಗಿ. ಆಣೆ ಇಟ್ಟದ್ದೂ ನನ್ನ ತಲೆಯ ಮೇಲೆ. ನಾನು ಮಾತ್ರ ಏನೂ ಗೊತ್ತಿಲ್ಲದೆ ಆ ಸ್ಟಾಪಿನಲ್ಲಿ ಮಗ್ಗಿ ಒಪ್ಪಿಸುತ್ತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಮಾವ ಒಂದು ಬುಟ್ಟಿ ಕವಳಿ ಹೊತ್ತು ನಮ್ಮ ಮನೆಗೆ ಬಂದಿದ್ದನಂತೆ. ‘ಬಾಗಲದಾಗ ನಿಂತಿದ್ಲು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಬುಟ್ಟಿ ಕಟ್ಟಿಮ್ಯಾಲ ಇಟ್ಟು ಬಂದೆ. ದನಕ್ಕ ಹಾಕಿರಬೇಕು.’

‘ಮತ್ತ ಯಾಕ ಹೋಗಲಿಲ್ಲ ಮಾವಾ?’

‘ಬ್ಯಾಡಾದವನು ಎಷ್ಟು ಸಲ ಹೋಗಬೇಕು ಹೇಳು’ ಅಂದ. ಇನ್ನೊಂದು ಹಿಡಿ ಹಣ್ಣು ನನ್ನ ಕೈಗಿಟ್ಟು, ‘ಕೇಳಿ ನೋಡು ನಿಮ್ಮವ್ವನ್ನ. ಈ ವರ್ಷ ಹಣ್ಣು ಚಂದ ಬಿಟ್ಟೈತಿ. ತರ್ಲಿ ಏನು ಅಂತ’ ಅಂದ.

ಅದಕ್ಕೇ ಈ ಪತ್ರ. ಇನ್ನು ಕೆಲವು ವಾರ, ಮಳೆ ಹಿಡಿದರೆ ಹಣ್ಣು ಉದುರಿಹೋಗುತ್ತವೆ. ಮಾವನಿಗೆ ನಾನು ಏನು ಹೇಳಲಿ? ನನ್ನ ಮೇಲೆ ಸಿಟ್ಟು ಬಂದಿದ್ದರೆ ಫೋನಿನಲ್ಲಿ ‘ಉಂಡೇನವಾ’ ಅನ್ನಬೇಡ, ಸುಮ್ಮನಿರು, ನನಗೆ ತಿಳಿಯುತ್ತದೆ. ಅಪ್ಪನಿಗೆ ನಮಸ್ಕಾರ. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಈ ಸಲ ಆಣೆಗಲ್ಲ.

ನಿನ್ನ
ಪಂಪಾವತಿ

ಮರೆತಿದ್ದೆ: ಹಿತ್ತಲ ಗಿಡದ ಬುಡದ ಫೋಟೋ ನೋಡಿ ಸರ್, ಇದಕ್ಕೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಾಗಿದೆ ಅಂದರು. ಅಪ್ಪ ವರ್ಷ ವರ್ಷ ಕೊಡಲಿ ತೆಗೆದಾಗ ನೀನು ಅದರ ಸುತ್ತ ಕಟ್ಟಿಗೆ ಒಟ್ಟಿ ಮುಚ್ಚುತ್ತಿದ್ದದ್ದು ಈಗ ನೆನಪಾಗುತ್ತಿದೆ. ಆ ಹಣ್ಣು ದನಕ್ಕೆ ಹಾಕಲಿಲ್ಲ, ನೀನು ತಿಂದೆ. ಇದನ್ನು ಮಾವನಿಗೆ ನಾನು ಹೇಳಿಲ್ಲ. ಅದು ನೀನು ಹೇಳುವ ಮಾತು.


ಕುಷ್ಟಗಿ
೮ ಜೂನ್ ೨೦೨೫, ಭಾನುವಾರ

ಅವ್ವಾ,

ಮಂಗಳವಾರ ನೀನು ಬಂದು ಹೋದಾಗಿನಿಂದ ಬರೆಯಬೇಕು ಬರೆಯಬೇಕು ಎಂದು ಇವತ್ತಾಯಿತು. ಸುಖವಾಗಿ ಮನೆ ಮುಟ್ಟಿದೆ ಎಂದು ಅಪ್ಪ ಹೇಳಿದ. ಬಸ್ಸಿನಲ್ಲಿ ನಿನಗೆ ಏನೂ ತೊಂದರೆ ಆಗಲಿಲ್ಲವಂತೆ, ಒಳ್ಳೆಯದಾಯಿತು.

ಮೊದಲು ನನ್ನ ಸುದ್ದಿ. ಶುಕ್ರವಾರ ವೈವಾ ಮುಗಿಯಿತು. ಹೊರಗಿನಿಂದ ಬಂದ ಮೇಡಂ ‘ಅಣ್ಣ’ ಎಂಬುದರ ಮೇಲೆ ಬೆರಳಿಟ್ಟು, ಇದೇನು ಎಂದರು. ಕೈ ಪೆನ್ನು ಹುಡುಕಿತು. ಆಮೇಲೆ ಮಂಗಳವಾರ ಕಂಡ ನಿನ್ನ ಸೀರೆಯ ಕಲೆ ಕಣ್ಣಿಗೆ ಬಂತು, ಹೇಳಿಬಿಟ್ಟೆ. ಮೇಡಂ ಕೇಳಿ ಮುಗಿಸಿ, ತಮ್ಮ ಅಜ್ಜಿಯ ಹಿತ್ತಲಿನಲ್ಲಿ ಬೋರೆ ಹಣ್ಣಿನ ಗಿಡವೊಂದು ಇತ್ತು, ಅದೂ ಹೀಗೇ ಬಂದಿರಬೇಕು ಅಂದರು. ಪಾಸು ಅಂತ ಸರ್ ಕಣ್ಣಿನಲ್ಲೇ ಹೇಳಿದರು.

ನನ್ನ ಪತ್ರಕ್ಕೆ ನೀನು ಫೋನಿನಲ್ಲಿ ಕೊಟ್ಟ ಉತ್ತರ ಮೊದಲು ನನಗೆ ತಿಳಿಯಲೇ ಇಲ್ಲ. ‘ಮಂಗಳವಾರ ಬರ್ತೀನಿ. ಮುಂಜಾನಿ ಬಸ್ಸಿಗೆ. ಕನಕಗಿರಿ ಮ್ಯಾಲಿಂದ ಬರೂ ಬಸ್ಸಿಗೆ’ ಅಂದೆ. ಅದೇ ಮಾತು ಮತ್ತೊಮ್ಮೆ ಹೇಳಿದೆ. ಅಪ್ಪ ಆ ಕಡೆಯಿಂದ ‘ಕುಷ್ಟಗಿ ಬಸ್ಸು ಇನ್ಯಾವುದರ ಮ್ಯಾಲಿಂದ ಬರ್ತೈತಿ’ ಎಂದು ನಕ್ಕ. ಫೋನಿಟ್ಟ ಮೇಲೆ, ಆ ಬಸ್ಸು ಗುಡ್ಡದಹಾಳದಲ್ಲಿ ನಿಲ್ಲುತ್ತದೆ ಎಂಬುದು ಹೊಳೆದು, ಹಜರತಬೀಯ ಮೊಮ್ಮಗನ ಫೋನಿಗೆ ಮಾಡಿ ಮಾವನಿಗೆ ಹೇಳಿಸಿದೆ.

ನೀನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಸೆರಗಿನ ಗಂಟು ಬಿಚ್ಚಿದೆ. ‘ಗುಡ್ಡದ ಹಣ್ಣು, ತಿನ್ನು’ ಎಂದಷ್ಟೇ ಅಂದೆ. ಹಸಿರು ಸೀರೆಯ ಮಡಿಲೆಲ್ಲ ಕವಳಿಯ ಕಲೆ. ಭವಾನಿ ‘ಅತ್ತೀ, ಸೋಡಾ ಹಾಕಿ ತೊಳೀರಿ, ಹೋಕ್ಕತಿ’ ಅಂದರೆ ‘ಇರಲಿ ಬಿಡವಾ’ ಅಂದೆ. ಇವತ್ತು ಮಾವ ಫೋನ್ ಮಾಡಿದ್ದ. ಬಸ್ಸಿನ ಒಳಗಿದ್ದ ನಿನಗೆ ಹೊರಗಿನದು ಕಂಡಿರುವುದಿಲ್ಲ, ಅದಕ್ಕೆ ಅವನ ಮಾತು ಬರೆಯುತ್ತಿದ್ದೇನೆ.

‘ಬಸ್ಸು ನಿಂತಿತು. ನಾ ಬುಟ್ಟಿ ಹಿಡಕೊಂಡು ಬಾಗಲ ಕಡಿ ಓಡಿದೆ, ಇಳಿತಾಳ ಅಂತ. ಇಳೀಲಿಲ್ಲ. ಕಿಟಕಿ ಗಾಜು ಸರಿಸಿದ ಸಪ್ಪಳ ಕೇಳಿತು. ನೋಡಿದ್ರ ಅಕಿ. ಆಣಿ ಮುರೀಬಾರದಲ್ಲ, ಕಾಲು ಒಳಗ ಅದಾವ, ಮಣ್ಣು ಹೊರಗ ಐತಿ. ಬುಟ್ಟಿ ಕೊಡಾಕ ಹೋದ್ರ ಕಿಟಕಿ ಸರಳಿನಾಗ ಹಿಡೀವಲ್ತು. ಅಕಿ ಉಡಿ ಒಡ್ಡಿದಳು. ನಾ ಬೊಗಸಿ ಬೊಗಸಿ ತುಂಬಿದೆ. ಕಂಡಕ್ಟರ್ ಒಂದ ಸವನ ಒದರ್ತಾನ, ಯಣ್ಣಾ ಬಸ್ಸಿನಾಗ ಸಂತಿ ಹಚ್ಚೀಯೇನು, ಯಕ್ಕಾ ಇಳಿಯೋದಿದ್ರ ಇಳಿ, ಇಲ್ಲಾಂದ್ರ ರೈಟ್ ಹೊಡೀತೀನಿ ಅಂತ. ಹಿಂದಿನ ಸೀಟಿನ ಮುದುಕಿ ಅಂವಗ ಜಬರಿಸಿದಳು, ಅಣ್ಣ ತಂಗಿ ಉಡಿ ತುಂಬಾಕತ್ಯಾನ, ಕಣ್ಣು ಕಾಣಂಗಿಲ್ಲೇನು, ನಿಂದ್ರಿಸು! ಅಂವ ಸೀಟಿ ಬಾಯಾಗ ಇಟಗೊಂಡು ಹಂಗ ನಿಂತ.’

ಉಡಿ ತುಂಬಿದ ಮೇಲೆ ನೀನು ಆಡಿದ ಮಾತನ್ನು ಮಾವ ಮತ್ತೆ ಮತ್ತೆ ಹೇಳಿದ. ‘ದನಕ್ಕ ಹಾಕಿಲ್ಲ ಅಣ್ಣಾ. ಹಿತ್ತಲದಾಗ ಗಿಡ ಆಗೈತಿ, ಬಂದು ನೋಡು ಅಂದಳು. ಅಷ್ಟರಾಗ ಬಸ್ಸು ಬಿಟ್ಟಿತು’ ಅಂದ.

ಬಸ್ಸು ಹೋದ ಮೇಲೆ ಮಾವ ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಊರ ನಡುವೆ ಹಾದು ಮನೆಗೆ ಹೋದನಂತೆ. ಹಜರತಬೀ ‘ಇಂವಗ ಬಿಸಿಲು ಹತ್ತೇತಿ’ ಎಂದು ನಕ್ಕಳಂತೆ. ಈ ಪತ್ರ ಮುಟ್ಟುವ ಹೊತ್ತಿಗೆ ಅವನು ನಮ್ಮ ಮನೆಗೆ ಬಂದು ಹೋಗಿರಲೂಬಹುದು. ಬಂದರೆ ಮೊದಲು ಹಿತ್ತಲಿಗೆ ಕರೆದುಕೊಂಡು ಹೋಗು. ಗಿಡದ ಸುತ್ತಲಿನ ಕಟ್ಟಿಗೆ ತೆಗೆಸಿಬಿಡು, ಅಪ್ಪ ಇನ್ನು ಕೊಡಲಿ ಮುಟ್ಟುವುದಿಲ್ಲ. ನಾನು ಫೋನಿನಲ್ಲಿ ಕೇಳಿದ್ದಕ್ಕೆ, ‘ಪರೀಕ್ಷಾದಾಗ ಬಂದ ಗಿಡ ಯಾರು ಕಡೀತಾರ’ ಅಂದ.

ನನ್ನ ನಕ್ಷೆಯಲ್ಲಿ ನಮ್ಮ ಊರಿನ ಚುಕ್ಕಿಯ ಪಕ್ಕದ ಖಾಲಿ ಜಾಗದಲ್ಲಿ ‘ವಿರುಪಣ್ಣ’ ಎಂದು ಬರೆದಿದ್ದೇನೆ. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ. ನನಗೂ ಒಂದಿಷ್ಟು ಧೈರ್ಯ ಬರಲೆಂದು ಹರಸು.

ನಿನ್ನ ಮಗಳು
ಪಂಪಿ

ಇನ್ನೊಂದು ಮಾತು, ಅವ್ವಾ. ಇದನ್ನು ಬರೆಯುವುದೋ ಬೇಡವೋ ಎಂದು ಭಾಳ ಹೊತ್ತು ಕುಳಿತಿದ್ದೆ. ಇಳಿಯದೆ ಬಸ್ಸಿನಲ್ಲೇ ಕುಳಿತಿದ್ದರೆ ಆಣೆ ಮುರಿಯುವುದಿಲ್ಲ ಎಂಬುದು ನಾನು ಶಾಲೆಯಲ್ಲಿದ್ದಾಗಲೂ ಹಾಗೇ ಇತ್ತಲ್ಲ? ಗುಡ್ಡದಹಾಳ ದಾಟಿದರೆ ಮುಂದೆ ನನ್ನ ಶಾಲೆ. ನಿನಗೆ ಬಸ್ಸು ಆಗುವುದಿಲ್ಲ, ವಾಂತಿಯಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದ. ನೀನು ಬಸ್ಸಿನಲ್ಲೇ ಹುಲಿಗಿ ಜಾತ್ರೆಗೆ ಹೋಗಿಬರುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು, ಆದರೂ ಹೂಂ ಅನ್ನುತ್ತಿದ್ದೆ. ನನಗೆ ಸಿಟ್ಟಿಲ್ಲ. ಆ ಸ್ಟಾಪನ್ನು ಕಿಟಕಿಯಿಂದ ನೋಡುವುದೂ ನಿನಗೆ ಆಗುತ್ತಿರಲಿಲ್ಲವೇನೋ. ಆದರೆ ತಿಂಗಳಿಗೊಮ್ಮೆ ಮನೆಯವರು ಬರುವ ಭಾನುವಾರ ನಾನು ಗೇಟಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಬಸ್ಸು ಬರುತ್ತಿತ್ತು. ಅಪ್ಪ ಇಳಿದು ಕೈ ಎತ್ತುತ್ತಿದ್ದ. ಅಪ್ಪ ಇಳಿದ ಮೇಲೂ, ಕಂಡಕ್ಟರ್ ಬಾಗಿಲು ಎಳೆದುಕೊಳ್ಳುವ ತನಕ, ನಾನು ಬಾಗಿಲನ್ನೇ ನೋಡುತ್ತಿರುತ್ತಿದ್ದೆ.